ಇಡೀ ಸಿನಿಮಾ ಬೇಡ, ಒಂದೇ ಒಂದು ದೃಶ್ಯ ತೋರಿಸಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಪೋಷಕರೊಬ್ಬರ ಪತ್ರ ಓದಿದೆ. ಶಾಲೆಯಲ್ಲಿ ಸಿನಿಮಾ ತೋರಿಸಬಾರದು, ಮಕ್ಕಳ ಸ್ವಂತ ಕಲ್ಪನೆ ಸತ್ತು ಹೋಗುತ್ತದೆ, ಬರೀ ನಕಲು ಮಾಡೋದು ಕಲಿಯುತ್ತಾರೆ ಅಂತ ಅವರು ಬರೆದಿದ್ದರು. ಅವರ ಕಳವಳ ನನಗೆ ಅರ್ಥವಾಗುತ್ತದೆ. ವಾರ್ಷಿಕೋತ್ಸವದಲ್ಲಿ ಏಳು ವರ್ಷದ ಮಗು ದೊಡ್ಡವರ ಹಾಡಿಗೆ ದೊಡ್ಡವರ ಹಾಗೇ ಕುಣಿಯೋದನ್ನು ನೋಡಿ ನನಗೂ ಸಂಕಟವಾಗಿದೆ. ಆದರೆ ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ನಾನು ಕಂಡದ್ದು ಬೇರೆ ಇದೆ. ಅದನ್ನು ಹೇಳದೆ ಸುಮ್ನೆ ಕೂರಲು ಮನಸ್ಸು ಒಪ್ಪಲಿಲ್ಲ.

ಸಿನಿಮಾ ನೋಡದಿದ್ದರೂ ನಮ್ಮ ಮಕ್ಕಳು ನಕಲು ಮಾಡುತ್ತಾರೆ. ಯಾವುದಾದರೂ ಶಾಲೆಗೆ ಹೋಗಿ 'ನಿಮ್ಮೂರಿನ ಚಿತ್ರ ಬರೀರಿ' ಅನ್ನಿ. ತ್ರಿಕೋನದ ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಅಲ್ಲಿಂದ ಇಳಿದು ಬರುವ ಹೊಳೆ, ಪಕ್ಕದಲ್ಲಿ ಗುಡಿಸಲು, ಒಂದು ತೆಂಗಿನಮರ. ನಾನಿರೋದು ಸಾಗರ ತಾಲ್ಲೂಕಿನಲ್ಲಿ. ಇಲ್ಲಿ ಮಗು ಬೆಳಿಗ್ಗೆ ಎದ್ದು ಹೊರಗೆ ಬಂದರೆ ಕಾಣೋದು ಅಡಿಕೆ ತೋಟ, ಹಂಚಿನ ಮಾಡು, ಅಂಗಳದ ಚಪ್ಪರ. ನಮ್ಮ ಗುಡ್ಡಗಳಿಗೆ ಚೂಪು ತಲೆಯೇ ಇಲ್ಲ. ಆದರೂ ಪೇಪರ್ ಕೊಟ್ಟ ತಕ್ಷಣ ಅದೇ ಗುಡಿಸಲು, ಅದೇ ತೆಂಗಿನಮರ. ಚಿತ್ರಕಲೆಯ ಲೋಯರ್ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳು ಒಂದೆರಡು ಚಿತ್ರ ಬಾಯಿಪಾಠ ಮಾಡಿಕೊಂಡೇ ಹೋಗುತ್ತಾರೆ. ಮೊದಮೊದಲು ನಾನೂ ಹಾಗೇ ಮಾಡಿಸಿದ್ದೇನೆ.

ಅದರಿಂದ ನನ್ನನ್ನು ಹೊರಗೆ ಎಳೆದದ್ದು ಒಂದು ಸಿನಿಮಾದ ಒಂದು ದೃಶ್ಯ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮ ತಾಲ್ಲೂಕಿನದೇ ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನಲ್ಲಿ ಕೆ.ವಿ. ಸುಬ್ಬಣ್ಣನವರು ನಾಟಕದ ಜೊತೆಗೆ ಚಿತ್ರಸಮಾಜವನ್ನೂ ನಡೆಸುತ್ತಿದ್ದರು. ಹೊರಗಿನ ಪ್ರಪಂಚದ ಸಿನಿಮಾಗಳನ್ನು ನಮ್ಮಂಥ ಹಳ್ಳಿ ಹುಡುಗರು ಮೊದಲು ನೋಡಿದ್ದು ಅಲ್ಲೇ. ನಾನಾಗ ಕಾಲೇಜಿಗೆ ಸೇರಿದ ಹೊಸತು. ಸೈಕಲ್ ತುಳಿದುಕೊಂಡು ಹೋಗಿ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ನೋಡಿದೆ. ಬಂಗಾಳಿಯಲ್ಲಿ ಒಂದು ಮಾತೂ ತಿಳಿಯದು. ಆದರೂ ಎಲ್ಲೂ ತೊಡಕಾಗಲಿಲ್ಲ.

ಆ ಸಿನಿಮಾ ಅಂದರೆ ಎಲ್ಲರೂ ರೈಲಿನ ದೃಶ್ಯ ಹೇಳುತ್ತಾರೆ. ಅಕ್ಕ ದುರ್ಗಾ, ತಮ್ಮ ಅಪು, ಬಿಳಿ ಹೂವಿನ ಕಾಶ ಹುಲ್ಲಿನ ನಡುವೆ ಓಡೋದು. ಅದು ದೊಡ್ಡ ದೃಶ್ಯವೇ, ಇಲ್ಲ ಅನ್ನೋದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಮಿಠಾಯಿ ಮಾರುವವನ ದೃಶ್ಯ. ಹೆಗಲ ಮೇಲೆ ಅಡ್ಡೆ, ಅಡ್ಡೆಯ ಎರಡು ತುದಿಗೆ ಎರಡು ಮಡಕೆ. ಮನೆ ಮುಂದೆ ಬರುತ್ತಾನೆ. ಇವರ ಹತ್ತಿರ ಕಾಸಿಲ್ಲ. ಅವನು ಮುಂದಿನ ಮನೆಗೆ ಹೊರಡುತ್ತಾನೆ. ಇವರಿಬ್ಬರೂ ಅವನ ಹಿಂದೆ. ಇವರ ಹಿಂದೆ ಒಂದು ನಾಯಿ. ಆ ಸಾಲು ಕೊಳದ ದಂಡೆಯ ಮೇಲೆ ಹೋಗುವಾಗ ಅದರ ಬಿಂಬ ನೀರಿನಲ್ಲಿ ತಲೆಕೆಳಗಾಗಿ ಸಾಗುತ್ತದೆ. ಮಿಠಾಯಿ, ಮಕ್ಕಳು, ನಾಯಿ, ಎಲ್ಲವೂ ನೀರಿನ ಮೇಲೆ. ಕೆಲವೇ ಸೆಕೆಂಡು, ಅಷ್ಟೇ. ಅವತ್ತು ರಾತ್ರಿ ವಾಪಸ್ ಬರುವಾಗ ನಮ್ಮೂರ ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ ನೀರು ನೋಡುತ್ತಾ ನಿಂತಿದ್ದೆ. ಹುಟ್ಟಿದಾಗಿನಿಂದ ಆ ಕೆರೆ ಅಲ್ಲೇ ಇತ್ತು. ಅಷ್ಟು ಹೊತ್ತು ನಿಂತು ನೋಡಿದ್ದು ಅವತ್ತೇ ಮೊದಲು.

ಆಮೇಲೆ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ರಾಯ್ ಮೂಲದಲ್ಲಿ ಚಿತ್ರ ಬರೆಯುವವರು. ಶಾಂತಿನಿಕೇತನದಲ್ಲಿ ಹೆಸರಾಂತ ಕಲಾವಿದ ನಂದಲಾಲ್ ಬೋಸ್ ಅವರ ಹತ್ತಿರ ಕಲಿತವರು, ಕಲ್ಕತ್ತದ ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದವರು. ಈ ಸಿನಿಮಾಕ್ಕೆ ಮೂಲವಾದ ಬಿಭೂತಿಭೂಷಣರ ಕಾದಂಬರಿಯನ್ನು ಮಕ್ಕಳಿಗಾಗಿ ಚಿಕ್ಕದು ಮಾಡಿದ ಪುಸ್ತಕಕ್ಕೆ ಚಿತ್ರ ಬರೆದವರೂ ಅವರೇ. ಸಿನಿಮಾ ಮಾಡುವ ಆಸೆ ಬೆಳೆದದ್ದು ಆ ಕೆಲಸದಿಂದ. 1950ರಲ್ಲಿ ಲಂಡನ್‌ಗೆ ಹೋದಾಗ ರೋಮಿನ ಬೀದಿಗಳಲ್ಲಿ ತೆಗೆದ ಇಟಲಿಯ ಸಿನಿಮಾ 'ಬೈಸಿಕಲ್ ಥೀವ್ಸ್' ನೋಡಿದರು. ಸ್ಟುಡಿಯೋ ಇಲ್ಲದೆ, ಹೆಸರಾಂತ ನಟರಿಲ್ಲದೆ ಹೀಗೂ ಮಾಡಬಹುದು ಅಂತ ಅವರಿಗೆ ಧೈರ್ಯ ಬಂದದ್ದು ಅದರಿಂದ. ಪೋಷಕರೇ, ಇಲ್ಲಿ ಒಂದು ಗಮನಿಸಿ. ರೋಮಿನ ಬೀದಿ ನೋಡಿಕೊಂಡು ಬಂದ ಅವರು ರೋಮಿನ ಬೀದಿ ತೆಗೆಯಲಿಲ್ಲ. ಬಂಗಾಳದ ಹಳ್ಳಿಯ ಕೊಳ ತೆಗೆದರು. ಇದನ್ನು ನಕಲು ಅನ್ನೋಕಾಗುತ್ತಾ?

ಶಾಲೆಗೆ ಪ್ರೊಜೆಕ್ಟರ್ ಬಂದ ಮೇಲೆ ನಾನು ಶುರು ಮಾಡಿದ್ದು ಇಷ್ಟೇ. ಎಂಟನೇ ಕ್ಲಾಸಿಗೆ ಆ ಮಿಠಾಯಿ ದೃಶ್ಯ ಹಾಕಿದೆ. ಒಂದು ಸಲ ಸೌಂಡ್ ಇಟ್ಟು, ಎರಡು ಸಲ ಸೌಂಡ್ ತೆಗೆದು. ಆ ನಾಯಿ ತಾನಾಗಿ ಹಿಂದೆ ಬರಲಿಲ್ಲ, ದುರ್ಗಾ ಪಾತ್ರದ ಹುಡುಗಿ ಕೈಯಲ್ಲಿ ಸಂದೇಶ್ ಸಿಹಿ ಹಿಡಿಸಿ ಬರಿಸಿದ್ದು ಅಂತ ರಾಯ್ ಹೇಳಿದ್ದನ್ನು ಹೇಳಿದೆ. ನಾಲ್ಕನೇ ಸಲ ಹಾಕಿ ಅಂತ ಮಕ್ಕಳೇ ಕೇಳಿದರು. ಆಗ ಒಬ್ಬರೂ ಮಿಠಾಯಿಯವನನ್ನು ನೋಡಲಿಲ್ಲ, ಎಲ್ಲರ ಕಣ್ಣೂ ದುರ್ಗಾಳ ಕೈ ಮೇಲೆ. ಕಾಶ ಹುಲ್ಲಿನ ಕತೆಯನ್ನೂ ಹೇಳಿದೆ. ಒಂದು ಭಾನುವಾರ ಅರ್ಧ ಶೂಟಿಂಗ್ ಮುಗಿಸಿ ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವೆಲ್ಲ ಮೇದು ಹೋಗಿದ್ದವು. ಮತ್ತೆ ಹೂವು ಬಿಡಲಿ ಅಂತ ಮುಂದಿನ ವರ್ಷದವರೆಗೆ ಕಾದರು. ಮನೆಯಲ್ಲಿ ದನ ಇರುವ ಮಕ್ಕಳೇ ಜಾಸ್ತಿ, ಕ್ಲಾಸು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಒಂದೇ ಮಾತು ಹೇಳಿದೆ. 'ಇದನ್ನು ಬರೀಬೇಡಿ. ಒಂದು ವಾರ ನಿಮ್ಮ ದಾರಿಯಲ್ಲಿ ಏನು ಕಾಣುತ್ತೆ ನೋಡಿ, ಅದನ್ನು ಬರೀರಿ.'

ಅದು ಜೂನ್ ತಿಂಗಳು, ಮಳೆ ಹಿಡಿದಿತ್ತು. ಒಬ್ಬಳು ಹುಡುಗಿ ತಂದ ಪೇಪರಿನಲ್ಲಿ ನೆಲವೇ ಇಲ್ಲ. ಬರೀ ನೀರು, ನಮ್ಮ ಶಾಲೆ ಅಂಗಳದಲ್ಲಿ ನಿಂತ ಮಳೆ ನೀರು. ಅದರೊಳಗೆ ಧ್ವಜದ ಕಂಬ ತಲೆಕೆಳಗೆ. ಬಿಸಿಯೂಟದ ಅಡುಗೆಯವರು ಸಾರಿನ ಪಾತ್ರೆ ಹಿಡಿದು ಹೋಗುತ್ತಿದ್ದಾರೆ, ಹಿಂದೆ ತಟ್ಟೆ ಹಿಡಿದ ಮಕ್ಕಳ ಸಾಲು, ಕೊನೆಗೆ ನಮ್ಮ ಶಾಲೆ ಕಟ್ಟೆ ಮೇಲೆ ಯಾವಾಗಲೂ ಮಲಗಿರುವ ಅದೇ ಕಂದು ನಾಯಿ. ಎಲ್ಲ ತಲೆಕೆಳಗೆ. ಒಂದು ಹುಡುಗನ ಕಾಲು ನೀರಿಗೆ ತಾಗಿದ ಕಡೆ ಮಾತ್ರ ಪೆನ್ಸಿಲ್ ಗೆರೆ ಮುರಿದು ಅಲೆಯಾಗಿತ್ತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

'ಸೂರ್ಯ ಎಲ್ಲಮ್ಮಾ?' ಅಂತ ಕೇಳಿದೆ.

'ಮಳೆಗಾಲ ಅಲ್ವಾ ಸಾರ್' ಅಂದಳು.

ಇನ್ನೊಬ್ಬ ಹುಡುಗ, ಓದಿನಲ್ಲಿ ತೀರಾ ಹಿಂದೆ. ಅಡಿಕೆ ಕೊಯ್ಲಿನ ಕಾಲ ಬಂದಾಗ ಅಡಿಕೆ ಸುಲಿಯುವ ರಾತ್ರಿಯ ಚಿತ್ರ ತಂದ. ಪೇಪರ್ ಪೂರ್ತಿ ಇದ್ದಿಲಿನಲ್ಲಿ ಕಪ್ಪು ಮಾಡಿ, ರಬ್ಬರಿನಲ್ಲಿ ಉಜ್ಜಿ ಬೆಳಕು ತೆಗೆದಿದ್ದ. ಮೆಟ್ಟುಗತ್ತಿ ಮೇಲೆ ಕೈಗಳು, ಎಂಟು ಹತ್ತು ಜೋಡಿ ಕೈ. ಮುಖವೇ ಇಲ್ಲ. ಕೇಳಿದ್ದಕ್ಕೆ 'ಕತ್ತಲೆ ಸಾರ್, ಬಲ್ಬಿನ ಕೆಳಗೆ ಕೈ ಮಾತ್ರ ಕಾಣ್ತದೆ' ಅಂದ. ಅದರಲ್ಲಿ ಒಂದು ಜೋಡಿ ಕೈ ಅವನ ಅಮ್ಮನದು. ಬೆರಳಿಗೆ ಬಟ್ಟೆ ಸುತ್ತಿದ್ದನ್ನೂ ಬಿಡದೆ ಬರೆದಿದ್ದ. ಆ ಹುಡುಗ ನೋಡಿದ ದೃಶ್ಯದಲ್ಲಿ ಅಡಿಕೆಯೂ ಇರಲಿಲ್ಲ, ರಾತ್ರಿಯೂ ಇರಲಿಲ್ಲ. ಅವನು ಅಲ್ಲಿಂದ ತೆಗೆದುಕೊಂಡದ್ದು ನೋಡುವ ರೀತಿಯನ್ನು.

ಒಬ್ಬ ಅಧಿಕಾರಿ ತಪಾಸಣೆಗೆ ಬಂದಾಗ 'ಇದು ಡ್ರಾಯಿಂಗ್ ಪೀರಿಯಡ್ಡೋ ಟಾಕೀಸೋ?' ಅಂತ ಎಲ್ಲರ ಮುಂದೆ ಕೇಳಿದರು. ಆ ವರ್ಷ ನಿಲ್ಲಿಸಬೇಕಾಯಿತು. ಆ ನೋವು ಈಗಲೂ ಇದೆ. ಆ ಎರಡು ಚಿತ್ರಗಳನ್ನು ಅವರ ಮುಂದೆ ಇಡಬೇಕಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ.

ನನ್ನನ್ನು ಕಾಡುವ ಇನ್ನೊಂದು ದೃಶ್ಯ ಇದೆ. ಅದನ್ನು ಮಕ್ಕಳಿಗೆ ತೋರಿಸಿಲ್ಲ, ಅವರ ವಯಸ್ಸಿಗೆ ಭಾರ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ', ಅನಂತಮೂರ್ತಿಯವರ ಕತೆ. ಕೊನೆಯಲ್ಲಿ, ಬಸುರಾದಳು ಅಂತ ಜಾತಿಯಿಂದ ಹೊರಹಾಕಿ ತಲೆ ಬೋಳಿಸಿದ ಎಳೆಯ ವಿಧವೆ ಯಮುನಕ್ಕ ಮರದ ಕೆಳಗೆ ಒಬ್ಬಳೇ ಕೂತಿರುತ್ತಾಳೆ. ಅವಳನ್ನು ಅಷ್ಟು ಹಚ್ಚಿಕೊಂಡಿದ್ದ ಹುಡುಗ ನಾಣಿಯನ್ನು ಅಪ್ಪ ಕರೆದುಕೊಂಡು ಹೋಗುತ್ತಾನೆ. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಕ್ಯಾಮೆರಾ. ಅವಳ ಮತ್ತು ಆ ಹುಡುಗನ ನಡುವಿನ ಆ ಜಾಗವನ್ನು ಚಿತ್ರದಲ್ಲಿ ಹಿಡಿಯಬೇಕು ಅಂತ ನಾನು ಎಷ್ಟೋ ಸಲ ಕೂತಿದ್ದೇನೆ. ನಿವೃತ್ತಿಯಾದ ಮೇಲೆ ಬರೆದದ್ದೇ ಹನ್ನೊಂದು. ಮೊದಲು ಅವಳ ಮುಖ ಬರೆಯುತ್ತಿದ್ದೆ. ಈಗ ಮುಖ ಬಿಟ್ಟಿದ್ದೇನೆ. ದೂರದಲ್ಲಿ ಮರದ ಬುಡಕ್ಕೆ ಒಂದು ಬಿಳಿ ಚುಕ್ಕೆ, ಮಿಕ್ಕ ಪೇಪರೆಲ್ಲ ಖಾಲಿ ದಾರಿ. ಹನ್ನೊಂದನೆಯದು ಸ್ವಲ್ಪ ಹತ್ತಿರ ಬಂದಿದೆ.

ಈ ಸಿನಿಮಾವನ್ನು ಮತ್ತೆ ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು ಅಂತ ಓದಿದಾಗ ಕಣ್ಣು ತುಂಬಿ ಬಂತು. ನನ್ನ ಹತ್ತಿರ ಇದ್ದ ಹಳೇ ಪ್ರತಿಯಲ್ಲಿ ಮರ ಯಾವುದು, ಮನುಷ್ಯರು ಯಾರು ಅಂತ ಗೊತ್ತಾಗದಷ್ಟು ಮಸುಕು. ವೆನಿಸ್‌ನವರು ನೋಡಿದಷ್ಟೇ ಚೆನ್ನಾಗಿ ತೀರ್ಥಹಳ್ಳಿ, ಸಾಗರದವರೂ ನೋಡುವಂತಾಗಬೇಕು. ಇದು ನಮ್ಮ ಕಡೆಯ ಕತೆ, ನಮ್ಮ ಕಡೆಯ ಬೆಳಕು.

ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ಎರಡು ಕೇಳಿಕೆ. ಒಂದು, ನಮ್ಮ ಒಳ್ಳೆಯ ಹಳೇ ಕನ್ನಡ ಸಿನಿಮಾಗಳ ಸ್ವಚ್ಛ ಪ್ರತಿಗಳು ಜಿಲ್ಲಾ ಗ್ರಂಥಾಲಯಗಳಿಗೆ, ಸರ್ಕಾರಿ ಶಾಲೆಗಳಿಗೆ ಸಿಗುವಂತೆ ಚಲನಚಿತ್ರ ಅಕಾಡೆಮಿ ಮತ್ತು ಶಿಕ್ಷಣ ಇಲಾಖೆ ಒಟ್ಟಿಗೆ ಕೂತು ದಾರಿ ಮಾಡಲಿ. ಎರಡು, ತಿಂಗಳಿಗೆ ಒಂದು ಡ್ರಾಯಿಂಗ್ ಪೀರಿಯಡ್ಡಿನಲ್ಲಿ ಒಂದು ದೃಶ್ಯ ತೋರಿಸಲು ಮೇಷ್ಟ್ರುಗಳಿಗೆ ಬಾಯಿಮಾತಿನ ಒಪ್ಪಿಗೆ ಸಾಲದು, ಬರಹದಲ್ಲೇ ಕೊಡಲಿ. ಐದು ನಿಮಿಷಕ್ಕಿಂತ ಉದ್ದ ಬೇಡ. ತೋರಿಸಿದ ಮೇಲೆ ಮಕ್ಕಳನ್ನು ಹೊರಗೆ ಕಳಿಸಲೇಬೇಕು.

ಪತ್ರ ಬರೆದ ಪೋಷಕರಲ್ಲೂ ಒಂದು ವಿನಂತಿ. ಆ ಮಳೆ ನೀರಿನ ಚಿತ್ರ ಮತ್ತು ಅಡಿಕೆ ಕೈಗಳ ಚಿತ್ರ ಎರಡೂ ನನ್ನ ಮನೆಯಲ್ಲಿವೆ, ಮಕ್ಕಳೇ ಕೊಟ್ಟದ್ದು. ಸಾಗರದ ಕಡೆ ಬಂದರೆ ಖಂಡಿತ ಮನೆಗೆ ಬನ್ನಿ, ತೋರಿಸುತ್ತೇನೆ. ಹತ್ತಿರದ ಯಾವ ಶಾಲೆಯವರು ಕರೆದರೂ ನಾನು ಹೋಗಲು ತಯಾರಿದ್ದೇನೆ. ಡಿವಿಡಿ ನನ್ನದು, ಪೇಪರ್, ಇದ್ದಿಲು ಕೂಡ ನಾನೇ ತರುತ್ತೇನೆ.

ಇತಿ ನಿಮ್ಮ ಓದುಗ,
ನಿವೃತ್ತ ಚಿತ್ರಕಲಾ ಶಿಕ್ಷಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ