ಅಂಕಪಟ್ಟಿಯಲ್ಲಿ ಕಾಣದ್ದು

ಸಂಪಾದಕರಿಗೆ ನಮಸ್ಕಾರ.

ನಾನು ಎಂ.ಎಸ್ಸಿ ಎರಡನೇ ವರ್ಷದ ವಿದ್ಯಾರ್ಥಿನಿ, ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮೊನ್ನೆ ಸೆಮಿನಾರಿನಲ್ಲಿ ಮೇಷ್ಟ್ರು, 'ಸ್ಟ್ಯಾಂಡರ್ಡ್ ಡೀವಿಯೇಷನ್ ಇಷ್ಟು ಜಾಸ್ತಿ ಬಂದಿದೆಯಲ್ಲಮ್ಮಾ, ಹಾಗಂದ್ರೆ ಏನು?' ಅಂತ ಕೇಳಿದರು. ಸೂತ್ರ ಹಾಕಿ ಲೆಕ್ಕ ಮಾಡಿದ್ದು ನಾನೇ. ಆದರೂ ಬಾಯಿ ಬರಲಿಲ್ಲ. ನನ್ನ ಅಳತೆಗಳು ಸರಾಸರಿಯಿಂದ ತೀರಾ ಚದುರಿಹೋಗಿವೆ ಅಂತ ಕನ್ನಡದಲ್ಲೇ ಹೇಳಿದ್ದರೂ ಸಾಕಿತ್ತು ಅಂತ ಆಮೇಲೆ ಅವರೇ ಅಂದರು.

ರಾತ್ರಿ ಹಾಸ್ಟೆಲಿನಲ್ಲಿ ನೋಟ್‌ಬುಕ್ಕಿನ ಕೊನೇ ಹಾಳೆ ತೆಗೆದು, ನನಗೆ ಏನೇನು ಬರಲ್ಲ ಅಂತ ಬರೆಯುತ್ತಾ ಹೋದೆ. ಗ್ರಾಫ್ ನೋಡಿ ಅರ್ಥ ಹೇಳುವುದು, ಮೇಷ್ಟ್ರಿಗೆ ನೆಟ್ಟಗೆ ನಾಲ್ಕು ಸಾಲಿನ ಮೇಲ್ ಬರೆಯುವುದು, ತರಗತಿಯಲ್ಲಿ ಕೈ ಎತ್ತಿ 'ಗೊತ್ತಾಗಲಿಲ್ಲ ಸಾರ್' ಅನ್ನುವುದು. ಇದರಲ್ಲಿ ಯಾವುದೂ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ, ಅಲ್ವಾ?

ದಾರಿಗಳೇನೋ ಇವೆ. 2017ರಲ್ಲಿ ಶುರುವಾದ, ಕೇಂದ್ರ ಸರ್ಕಾರದ 'ಸ್ವಯಂ' ಎಂಬ ಆನ್‌ಲೈನ್ ಪಾಠಗಳ ಜಾಲತಾಣದಲ್ಲಿ ಪಾಠಗಳು ಪುಕ್ಕಟೆ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆ ಶುಲ್ಕ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ 40ರವರೆಗಿನ ಕೋರ್ಸುಗಳನ್ನು ಅಲ್ಲಿಂದ ಓದಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. ಇದನ್ನು ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ ಬಿಡಿ.

ಸೆಮಿಸ್ಟರ್ ಶುರುವಾಗುವಾಗ ಮೇಷ್ಟ್ರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹತ್ತು ನಿಮಿಷ 'ನಿನಗೆ ಏನು ಬರಲ್ಲ?' ಅಂತ ಕೇಳಿದರೆ ಸಾಕು. ಇಂಟರ್ನಲ್ ಮಾರ್ಕ್ಸ್ ಮಾತ್ರ ಅದಕ್ಕೆ ತಳಕು ಹಾಕಬೇಡಿ, ಹಾಕಿದರೆ ಎಲ್ಲರೂ 'ಎಲ್ಲಾ ಬರುತ್ತೆ ಸಾರ್' ಅಂತಲೇ ಹೇಳುತ್ತೇವೆ.

– ಒಬ್ಬ ವಿದ್ಯಾರ್ಥಿನಿ, ಹಾಸನ ಜಿಲ್ಲೆ