ಏಲಕ್ಕಿ ಬೆಳೆಯೋದು ನಾವು, ಬನ್ ಅವರದು

ಸಂಪಾದಕರೇ,

ಮಗಳನ್ನು ನೋಡಲು ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಹೋಗಿದ್ದೆ. ಕೆಲಸ ಬಿಟ್ಟು ಕಾಫಿ, ಸಿಹಿ ತಿನ್ನುತ್ತಾ ಹರಟುವುದಕ್ಕೆ ಅಲ್ಲಿ 'ಫೀಕಾ' ಅಂತಾರೆ. ದಾಲ್ಚಿನ್ನಿ ಬನ್ನಿಗೆ 1999ರಿಂದ ಒಂದು ದಿನವೇ ಇದೆ, ಅಕ್ಟೋಬರ್ 4. ಹಸಿರು ಮಾರ್ಜಿಪಾನ್ (ಬಾದಾಮಿ, ಸಕ್ಕರೆ ಸೇರಿಸಿ ಅರೆದ ಕಣಕ) ಹೊದಿಸಿದ ಪ್ರಿನ್ಸೆಸ್ ಕೇಕ್ ನೋಡಲು ಚೆಂದ, ಸಿಹಿ ಮಾತ್ರ ಜಾಸ್ತಿ. ಆದರೆ ಆ ಏಲಕ್ಕಿ ಬನ್! ಗಂಟು ಹಾಕಿದಂತೆ ಸುತ್ತಿದ ಹಿಟ್ಟು, ಮೇಲೆ ತರಿತರಿಯಾಗಿ ಕುಟ್ಟಿದ ಏಲಕ್ಕಿ, ಕಚ್ಚಿದರೆ ನಮ್ಮಜ್ಜಿ ಏಲಕ್ಕಿ ಒಣಗಿಸುತ್ತಿದ್ದ ಅಟ್ಟದ ಘಮ.

ಕಾಫಿ, ಏಲಕ್ಕಿ ಎರಡೂ ಬೆಳೆಯುವ ಕೊಡಗಿನಲ್ಲಿ ಪ್ರವಾಸಿಗರಿಗೆ ಎಲ್ಲಿ ನೋಡಿದರೂ ಹೋಮ್‌ಮೇಡ್ ಚಾಕೊಲೇಟ್. ಮಡಿಕೇರಿ ಬೇಕರಿಯವರು ಒಮ್ಮೆ ಏಲಕ್ಕಿ ಬನ್ ಮಾಡಿ ನೋಡಬಹುದಲ್ವಾ? ಎಸೆನ್ಸ್ ಹಾಕಬೇಡಿ, ಕಾಳನ್ನೇ ಕುಟ್ಟಿ ಹಾಕಿ. ಮೊದಲ ಗಿರಾಕಿ ನಾನೇ.

– ಒಬ್ಬ ಬೆಳೆಗಾರ, ಸೋಮವಾರಪೇಟೆ