ಹಿರಿಯರನ್ನು ಹುಡುಕಹೊರಟ ಗೆಳೆಯನಿಗೆ

ಪ್ರಿಯ ಗೆಳೆಯ,

ಬೆಂಗಳೂರಿನಲ್ಲಿ 60 ದಾಟಿದ ಗೇ, ಲೆಸ್ಬಿಯನ್ ಮತ್ತು ಬೈಸೆಕ್ಷುವಲ್ ಹಿರಿಯರ ಜೀವನಕಥನಗಳನ್ನು ಸಂಗ್ರಹಿಸುವ ನಿನ್ನ ಯೋಜನೆಯನ್ನು ಓದಿದೆ. ಪ್ರಶ್ನೆಗಳು ಚೆನ್ನಾಗಿವೆ, ಆದರೆ ಉತ್ತರಿಸುವವರು ಎಲ್ಲಿಂದ ಬರುತ್ತಾರೆಂಬುದಕ್ಕೆ 'ಸಂಘಟನೆಗಳ ಮೂಲಕ' ಎಂದಷ್ಟೇ ಬರೆದಿದ್ದೀಯ. ನನ್ನ ತಕರಾರು ಇರುವುದು ಅಲ್ಲಿಯೇ.

ಇಂಥವರಿಗೆ ಬೆಂಬಲವಾಗಿ ನಿಂತ 'ಗುಡ್ ಆ್ಯಸ್ ಯೂ' ಗುಂಪು ಈ ಊರಿನಲ್ಲಿ ಆರಂಭವಾದದ್ದು 1994ರಲ್ಲಿ, ಇವರ ಹಕ್ಕುಗಳಿಗಾಗಿ ದನಿಯೆತ್ತಿದ 'ಸಂಗಮ' ಸಂಸ್ಥೆ 1999ರಲ್ಲಿ. ನೀನು ಹುಡುಕುತ್ತಿರುವವರು ಆ ಹೊತ್ತಿಗಾಗಲೇ ಮೂವತ್ತರ ಆಸುಪಾಸಿನಲ್ಲೋ ಅದಕ್ಕೂ ಮೇಲೋ ಇದ್ದರು. ಹಲವರು ಮನೆಯವರ ಒತ್ತಾಯಕ್ಕೆ ಮದುವೆಯಾಗಿ ಮಕ್ಕಳನ್ನೂ ಕಂಡಿದ್ದರು. ಸಲಿಂಗ ಲೈಂಗಿಕತೆಯನ್ನು ಅಪರಾಧವೆನ್ನುತ್ತಿದ್ದ, 1860ರ ದಂಡ ಸಂಹಿತೆಯ 377ನೇ ಕಲಮಿನ ಹಿಡಿತವನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಸಡಿಲಿಸಿತು, ಸುಪ್ರೀಂ ಕೋರ್ಟ್ 2013ರಲ್ಲಿ ಮತ್ತೆ ಬಿಗಿಗೊಳಿಸಿತು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಸಮ್ಮತಿಯುಳ್ಳ ವಯಸ್ಕರ ಮಟ್ಟಿಗೆ ತೆಗೆದುಹಾಕಿತು. ಒಮ್ಮೆ ಸಿಕ್ಕ ಬಿಡುಗಡೆ ನಾಲ್ಕೇ ವರ್ಷಗಳಲ್ಲಿ ಕೈಜಾರಿದ್ದನ್ನು ಕಂಡವರು ನಿನ್ನ ಕರಪತ್ರ ನೋಡಿ ತಾವಾಗಿಯೇ ಫೋನ್ ಮಾಡುತ್ತಾರೆಂದು ಕಾಯಬೇಡ.

ಒಬ್ಬರಿಂದ ಇನ್ನೊಬ್ಬರನ್ನು ತಲುಪುವ ಸ್ನೋಬಾಲ್ ವಿಧಾನ ಅನಿವಾರ್ಯವೇ ಸರಿ. ಆದರೆ ಒಂದೇ ಬಾಗಿಲಿನಿಂದ ಹೊರಟರೆ ಇಂಗ್ಲಿಷ್ ಬಲ್ಲ, ಸ್ವಂತ ಮನೆಯಿರುವ ಗಂಡಸರೇ ಸಾಲುಗಟ್ಟಿ ಬರುತ್ತಾರೆ. ಮದುವೆಯೊಳಗೇ ಉಳಿದ ಬೈಸೆಕ್ಷುವಲ್ ಹಿರಿಯರು ಯಾವ ಗುಂಪಿಗೂ ಸೇರಿರದ ಕಾರಣ ಆ ಸಾಲಿನಲ್ಲಿ ಇರುವುದೇ ಇಲ್ಲ. ಹೆಂಗಸರದು ಇನ್ನೂ ಕಷ್ಟ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಮೊಬೈಲು ಅಜ್ಜಿಯೊಬ್ಬಳದಲ್ಲ. ವಾಟ್ಸ್‌ಆ್ಯಪ್ ತೆರೆದುಕೊಡುವವನು ಮೊಮ್ಮಗ, ನೀನು ಕಳಿಸಿದ ಮಾಹಿತಿಪತ್ರದ ಶೀರ್ಷಿಕೆಯನ್ನು ಮೊದಲು ಓದುವವನೂ ಅವನೇ. ಆದ್ದರಿಂದ ಯಾರ ನಂಬರನ್ನೂ ನೀನಾಗಿ ಕೇಳಬೇಡ, ನಿನ್ನ ನಂಬರನ್ನು ಪರಿಚಿತರ ಕೈಯಲ್ಲಿ ಕಳಿಸು. ಶೀರ್ಷಿಕೆಯಲ್ಲಿ 'ಹಿರಿಯರ ಬದುಕು' ಎಂದಷ್ಟೇ ಇರಲಿ, ಉಳಿದದ್ದನ್ನು ಮುಖಾಮುಖಿ ಕೂತಾಗ, ಒಪ್ಪಿಗೆ ಕೇಳುವ ಮೊದಲೇ, ಪೂರ್ತಿ ಬಿಡಿಸಿ ಹೇಳು.

ಒಪ್ಪಿಗೆ ಪತ್ರದ ಸಹಿಯೂ ಒಂದು ತೊಡಕು. ಹೆಸರು ಮರೆಮಾಡುತ್ತೇನೆಂದು ಭರವಸೆ ಕೊಟ್ಟು ಮರುಕ್ಷಣವೇ ಸಹಿ ಹಾಕಿ ಎಂದರೆ ಯಾರು ನಂಬುತ್ತಾರೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಪಡೆದು ಮೌಖಿಕ ಒಪ್ಪಿಗೆ ಪಡೆಯುವುದಕ್ಕೆ ಅವಕಾಶವಿದೆ. ಅರ್ಜಿಯಲ್ಲೇ ಅದನ್ನು ಕೇಳಿಕೋ. ಹೆಸರು ಬದಲಿಸಿದರೂ 'ದಾವಣಗೆರೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಇಬ್ಬರು ಹೆಣ್ಣುಮಕ್ಕಳ ತಂದೆ' ಎಂದು ಬರೆದುಬಿಟ್ಟರೆ ಆ ಊರಿನವರಿಗೆ ಗುರುತು ಹತ್ತಲು ಅರ್ಧ ನಿಮಿಷ ಸಾಕು.

ಮೂವತ್ತು ಮಂದಿ ಬೇಕೆಂಬ ಹಟ ಬಿಡು. ಹನ್ನೆರಡು ಮಂದಿಯೊಡನೆ ಎರಡೆರಡು ಸಲ ಕೂತು ಮಾತಾಡುವುದು ನಿನ್ನ ಪ್ರಶ್ನೆಗಳಿಗೆ ಹೆಚ್ಚು ಹೊಂದುತ್ತದೆ. ತಿದ್ದಿದ ಕರಡನ್ನು ಸಮಿತಿಗೆ ಸಲ್ಲಿಸುವ ಮೊದಲು ನನಗೊಮ್ಮೆ ಕಳಿಸು.

ನಿನ್ನ ಗೆಳೆಯ